ಪ್ಲೇಟ್‌ಲೆಟ್ ಲೆಕ್ಕ ಮತ್ತು ಪಪ್ಪಾಯಿ ಎಲೆ



ಮುಂಗಾರು ಹಿಡಿದು ಹೂಕುಂಡದ ತಟ್ಟೆ, ಹಳೇ ಟೈರು, ಮುಚ್ಚದ ಡ್ರಮ್ಮುಗಳಲ್ಲಿ ನೀರು ನಿಂತಿತೆಂದರೆ ಡೆಂಗಿ ಬರುತ್ತದೆ. ಅದರ ಬೆನ್ನಿಗೇ ನಮ್ಮ ಮೊಬೈಲುಗಳಿಗೆ ಒಂದು ಸಂದೇಶವೂ ಬರುತ್ತದೆ. ಪಪ್ಪಾಯಿ ಎಲೆಯನ್ನು (ಪರಂಗಿ ಎಲೆ ಎಂದರೂ ಅದೇ) ಅರೆದು, ರಸ ಹಿಂಡಿ, ದಿನಕ್ಕೆ ಎರಡು ಹೊತ್ತು ಕುಡಿಸಿ. ಎರಡೇ ದಿನದಲ್ಲಿ ಪ್ಲೇಟ್‌ಲೆಟ್ ಏರುತ್ತದೆ, ಆಸ್ಪತ್ರೆಗೆ ದುಡ್ಡು ಸುರಿಯಬೇಕಿಲ್ಲ ಎಂಬುದು ಅದರ ಸಾರ. ಕೆಲವೊಮ್ಮೆ ಕಿವಿ ಹಣ್ಣು, ಮೇಕೆ ಹಾಲು ಕೂಡ ಜೊತೆಗಿರುತ್ತವೆ. ಈಚೆಗೆ ಈ ಸಂದೇಶಕ್ಕೆ ಒಂದು ಸಂಶೋಧನಾ ಪ್ರಬಂಧದ ಮೊದಲ ಪುಟದ ಫೋಟೋ ಸೇರಿಕೊಂಡಿದೆ, ‘ವೈಜ್ಞಾನಿಕವಾಗಿ ಸಾಬೀತಾಗಿದೆ’ ಎಂಬ ಸಾಲೂ ಬಂದಿದೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಬೇಕಾಯಿತು. ಅಂಥ ಕಾಯಿಲೆಯ ವಿಷಯದಲ್ಲಿ ಈ ಸಂದೇಶವನ್ನು ಬರೀ ಸುಳ್ಳು ಎಂದು ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಲ್ಲ, ಏಕೆಂದರೆ ಪ್ರಬಂಧಗಳು ನಿಜಕ್ಕೂ ಇವೆ, ಅವುಗಳಲ್ಲಿನ ಅಂಕಿಗಳೂ ಇವೆ. ಅವು ಅಳೆದದ್ದು ಒಂದು, ನಾವು ಓದಿಕೊಂಡದ್ದು ಇನ್ನೊಂದು ಎಂಬುದಷ್ಟೇ ನನ್ನ ತಕರಾರು.

ಮೊದಲು ಕಾಯಿಲೆಯ ನಡೆಯನ್ನು ನೋಡೋಣ. ಈಡಿಸ್ ಸೊಳ್ಳೆ ಕಚ್ಚಿ, ವೈರಸ್ ಮೈಗೆ ಹೊಕ್ಕ ಕೆಲ ದಿನಗಳಲ್ಲಿ ಜ್ವರ ಏರುತ್ತದೆ. ಎರಡರಿಂದ ಏಳು ದಿನ ಜ್ವರ, ಮೈಕೈ ನೋವು, ಕಣ್ಣ ಹಿಂದೆ ನೋವು. ಪ್ಲೇಟ್‌ಲೆಟ್ ಎಂಬ ಕಣಗಳು ಆರೋಗ್ಯವಂತರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತವೆ. ಊರಲ್ಲಿ ಇದನ್ನೇ ಬಿಳಿ ರಕ್ತಕಣ ಎನ್ನುವುದುಂಟು. ಅವು ಬೇರೆ, ಇವು ಬೇರೆ. ಡೆಂಗಿಯಲ್ಲಿ ಮೂರನೆಯ, ನಾಲ್ಕನೆಯ ದಿನದಿಂದ ಈ ಲೆಕ್ಕ ಇಳಿಯತೊಡಗಿ, ಐದು, ಆರನೆಯ ದಿನದ ಸುಮಾರಿಗೆ ತಳ ಮುಟ್ಟಿ, ಆಮೇಲೆ ತಾನಾಗಿಯೇ ಏರುತ್ತದೆ. ಯಾವ ಮದ್ದೂ ಇಲ್ಲದೆ, ಬರೀ ನೀರು, ಗಂಜಿ, ವಿಶ್ರಾಂತಿಯಲ್ಲಿ ಬಹುಪಾಲು ರೋಗಿಗಳಲ್ಲಿ ಹೀಗೇ ಆಗುತ್ತದೆ. ಆದರೆ ಇದೇ ಹೊತ್ತಿನಲ್ಲಿ ಕೆಲವರ ದೇಹದಲ್ಲಿ ಇನ್ನೊಂದು ಸಂಗತಿ ನಡೆಯುತ್ತಿರುತ್ತದೆ. ಜ್ವರ ಇಳಿಯುವ ಹೊತ್ತಿಗೆ ಸಣ್ಣ ರಕ್ತನಾಳಗಳ ಗೋಡೆ ಸೋರತೊಡಗಿ, ರಕ್ತದ ದ್ರವಭಾಗವಾದ ಪ್ಲಾಸ್ಮಾ ಹೊಟ್ಟೆಗೂ ಎದೆಗೂಡಿಗೂ ಇಳಿಯುತ್ತದೆ. ರಕ್ತ ಗಟ್ಟಿಯಾಗುತ್ತದೆ, ಬಿ.ಪಿ. ಕುಸಿಯುತ್ತದೆ. ಡೆಂಗಿಯಲ್ಲಿ ಪ್ರಾಣ ತೆಗೆಯುವುದು ಮುಖ್ಯವಾಗಿ ಈ ಸೋರಿಕೆ ಮತ್ತು ಅದರಿಂದಾಗುವ ಆಘಾತ. ಪ್ಲೇಟ್‌ಲೆಟ್ ಇಳಿಕೆ ಕಾಯಿಲೆ ಯಾವ ಹಂತದಲ್ಲಿದೆ ಎಂದು ಹೇಳುವ ಗುರುತು. ರಕ್ತಸ್ರಾವಕ್ಕೂ ಅದಕ್ಕೂ ನಂಟು ಇದೆ, ಆದರೆ ನಾವು ಅಂದುಕೊಂಡಷ್ಟು ನೇರವಾದ ನಂಟಲ್ಲ.

ಈಗ ರಸ ಕುಡಿಸುವುದು ಯಾವಾಗ ಎಂದು ಯೋಚಿಸಿ. ಜ್ವರ ಬಂದ ಮೊದಲ ದಿನ ಯಾರೂ ಪಪ್ಪಾಯಿ ಎಲೆ ಹುಡುಕಿಕೊಂಡು ಹೋಗುವುದಿಲ್ಲ. ರಕ್ತ ಪರೀಕ್ಷೆಯಾಗಬೇಕು, ಲೆಕ್ಕ ಎಂಬತ್ತು ಸಾವಿರ, ಐವತ್ತು ಸಾವಿರ ಎಂದು ಇಳಿಯಬೇಕು, ಮನೆಯವರು ಗಾಬರಿಯಾಗಬೇಕು. ಅಷ್ಟರಲ್ಲಿ ನಾಲ್ಕನೆಯದೋ ಐದನೆಯದೋ ದಿನ. ರಸ ಹೊಟ್ಟೆಗೆ ಹೋಗುವ ಹೊತ್ತಿಗೆ ಲೆಕ್ಕ ತಳ ಮುಟ್ಟಿಯೋ ಮುಟ್ಟುತ್ತಲೋ ಇರುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಏರುವ ದಾರಿಯೊಂದೇ. ನಮ್ಮ ಹಳ್ಳಿಗಳಲ್ಲಿ ಕಪ್ಪೆ ಮದುವೆ ಮಾಡಿಸುವುದು ಮಳೆ ತೀರಾ ತಡವಾಗಿ, ಇನ್ನು ತಾಳಲಾರೆವು ಅನ್ನಿಸಿದಾಗ. ಆಷಾಢದ ಆ ಹೊತ್ತಿನಲ್ಲಿ ವಾರದೊಳಗೆ ಮೋಡ ಕವಿದರೆ ಪುಣ್ಯವೆಲ್ಲ ಕಪ್ಪೆ ಜೋಡಿಗೆ. ಮದುವೆ ಮಾಡಿಸದ ಪಕ್ಕದ ಊರಲ್ಲೂ ಮಳೆ ಬಂತೇ ಎಂದು ಕೇಳಿದಾಗಲಷ್ಟೇ ವಿಷಯ ಬೇರೆಯಾಗುತ್ತದೆ. ‘ನಮ್ಮ ಮನೆಯಲ್ಲಿ ಕುಡಿಸಿದೆವು, ಏರಿತು’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಕಂಡದ್ದನ್ನೇ ಹೇಳುತ್ತಿದ್ದಾರೆ. ಆದರೆ ಕುಡಿಸದ ಮನೆಯಲ್ಲಿ ಏನಾಯಿತು ಎಂಬುದು ಅವರಿಗೆ ಕಾಣುವಂಥದಲ್ಲ. ಇನ್ನೊಂದು ಲೆಕ್ಕವೂ ಇದೆ. ಸರಿಯಾದ ಆರೈಕೆ ಸಿಕ್ಕರೆ ತೀವ್ರ ಡೆಂಗಿಯಲ್ಲೂ ಸಾಯುವವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಅಂದರೆ ಏನೂ ಮಾಡದ ಒಂದು ಮದ್ದನ್ನು ಸಾವಿರ ರೋಗಿಗಳಿಗೆ ಕೊಟ್ಟರೂ ಒಂಬೈನೂರ ತೊಂಬತ್ತಕ್ಕೂ ಹೆಚ್ಚು ಮಂದಿ ‘ಇದರಿಂದ ಬದುಕಿದೆ’ ಎಂದು ಸಾಕ್ಷಿ ಹೇಳಲು ಉಳಿದಿರುತ್ತಾರೆ. ಉಳಿಯದವರು ಸಂದೇಶ ಕಳಿಸುವುದಿಲ್ಲ.

ಸರಿ, ಸಾಕ್ಷ್ಯಗಳನ್ನು ಬದಿಗಿಟ್ಟು ಅಧ್ಯಯನಗಳಿಗೆ ಬರೋಣ. 2011ರಲ್ಲಿ ಪಾಕಿಸ್ತಾನದಿಂದ ಒಂದು ವರದಿ ಪ್ರಕಟವಾಯಿತು. ಡೆಂಗಿ ಬಂದಿದ್ದ 45 ವರ್ಷದ ಒಬ್ಬ ರೋಗಿಗೆ ದಿನಕ್ಕೆ ಎರಡು ಬಾರಿ 25 ಮಿಲಿಲೀಟರ್‌ನಂತೆ ಐದು ದಿನ ಎಲೆಯ ರಸ ಕೊಟ್ಟರು. 55,000 ಇದ್ದ ಪ್ಲೇಟ್‌ಲೆಟ್ 1,68,000ಕ್ಕೆ ಏರಿತು. ಬಹಳ ಓಡಾಡಿದ ವರದಿ ಇದು. ಆದರೆ ರೋಗಿ ಒಬ್ಬರೇ, ಹೋಲಿಸಿ ನೋಡಲು ಎರಡನೆಯವರಿಲ್ಲ. 2013ರಲ್ಲಿ ಮಲೇಷ್ಯಾದ ಸಂಶೋಧಕರು ಇದಕ್ಕಿಂತ ಎಷ್ಟೋ ಮೇಲಾದ ಕೆಲಸ ಮಾಡಿದರು. 228 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಸುಮಾರು ಅರ್ಧ ಜನಕ್ಕೆ ಮೂರು ದಿನ ರಸ, ಉಳಿದವರಿಗೆ ಎಂದಿನ ಚಿಕಿತ್ಸೆ. ರಸ ಶುರುಮಾಡಿ 40 ಗಂಟೆ ಕಳೆದ ಮೇಲೆ ರಸ ಕುಡಿದವರ ಸರಾಸರಿ ಪ್ಲೇಟ್‌ಲೆಟ್ ಲೆಕ್ಕ ಇನ್ನೊಂದು ಗುಂಪಿಗಿಂತ ಹೆಚ್ಚಿತ್ತು. ಯಾರು ರಸ ಕುಡಿಯುತ್ತಿದ್ದಾರೆ ಎಂಬುದು ರೋಗಿಗೂ ಗೊತ್ತಿತ್ತು, ವೈದ್ಯರಿಗೂ ಗೊತ್ತಿತ್ತು, ಅದೊಂದು ಕೊರತೆ. ಆ ಕೊರತೆಯನ್ನೂ ತುಂಬುವಂತೆ, 2016ರಲ್ಲಿ ಭಾರತದ ವೈದ್ಯ ಪತ್ರಿಕೆಯೊಂದರಲ್ಲಿ 300 ರೋಗಿಗಳ ಅಧ್ಯಯನ ಬಂತು. ಎಲೆಯ ಸಾರದ ಮಾತ್ರೆ ಒಂದು ಗುಂಪಿಗೆ, ಅದರಂತೆಯೇ ಕಾಣುವ ಖಾಲಿ ಮಾತ್ರೆ ಇನ್ನೊಂದು ಗುಂಪಿಗೆ. ಇಲ್ಲೂ ಪ್ಲೇಟ್‌ಲೆಟ್ ಬೇಗ ಏರಿತು. ಆ ಮಾತ್ರೆ ಈಗ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ, ವೈದ್ಯರು ಚೀಟಿಯಲ್ಲಿ ಬರೆಯುವುದೂ ಇದೆ. ಹಾಗಾದರೆ ಸಾಬೀತಾಯಿತಲ್ಲ ಎಂದು ನೀವು ಕೇಳಬಹುದು. ಹೌದು, ಒಂದು ವಿಷಯಕ್ಕೆ ಒಂದಿಷ್ಟು ಪುರಾವೆ ಸಿಕ್ಕಿತು: ಎಲೆಯ ಸಾರ ಪ್ಲೇಟ್‌ಲೆಟ್ ಲೆಕ್ಕವನ್ನು, ಅದು ಹೇಗೂ ಏರುವುದಕ್ಕಿಂತ ಸ್ವಲ್ಪ ಮುಂಚೆ ಏರಿಸಬಹುದು. ನಾನು ಇದನ್ನು ಅಲ್ಲಗಳೆಯುವುದಿಲ್ಲ. ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದವರೂ ಹೆಚ್ಚುಕಡಿಮೆ ಇಷ್ಟನ್ನು ಒಪ್ಪಿ, ಮುಂದಿನ ಪ್ರಶ್ನೆಯ ಬಳಿ ನಿಂತಿದ್ದಾರೆ. ರಕ್ತಸ್ರಾವ ಕಡಿಮೆಯಾಯಿತೇ? ಪ್ಲಾಸ್ಮಾ ಸೋರಿಕೆ ತಗ್ಗಿತೇ? ಆಘಾತಕ್ಕೆ ಹೋಗುವವರು ಹೋಗದೆ ಉಳಿದರೇ? ಇದಕ್ಕೆ ಆ ಪ್ರಬಂಧಗಳಲ್ಲಿ ನೆಚ್ಚುವಂಥ ಉತ್ತರವಿಲ್ಲ.

ಲೆಕ್ಕ ಸುಧಾರಿಸಿದರೆ ರೋಗಿ ಸುಧಾರಿಸಿದಂತೆಯೇ ಅಲ್ಲವೇ ಎಂಬುದು ಎಲ್ಲರಿಗೂ ಸಹಜವಾಗಿ ಬರುವ ಅನಿಸಿಕೆ. ಅದು ಎಷ್ಟು ಕೆಡಿಸಬಲ್ಲದು ಎಂಬುದಕ್ಕೆ ವೈದ್ಯಕೀಯ ಚರಿತ್ರೆಯ ಒಂದು ಪ್ರಸಂಗವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಹೃದಯಾಘಾತದಿಂದ ಚೇತರಿಸಿಕೊಂಡವರಲ್ಲಿ ಕೆಲವರಿಗೆ ಎದೆಬಡಿತ ಆಗಾಗ ತಾಳ ತಪ್ಪುತ್ತದೆ. ಹಾಗೆ ತಪ್ಪುವವರು ಮುಂದೆ ಹಠಾತ್ತನೆ ಸಾಯುವ ಸಂಭವ ಹೆಚ್ಚು. ತಪ್ಪುವ ಬಡಿತವನ್ನು ಅಡಗಿಸುವ ಎನ್‌ಕೇನೈಡ್, ಫ್ಲೆಕೇನೈಡ್ ಎಂಬ ಮಾತ್ರೆಗಳಿದ್ದವು. ಇ.ಸಿ.ಜಿ. ಪಟ್ಟಿಯ ಮೇಲೆ ಅವುಗಳ ಕೆಲಸ ಕಣ್ಣಿಗೆ ಕಟ್ಟುವಂತಿತ್ತು. 1980ರ ದಶಕದಲ್ಲಿ ಅಮೆರಿಕದ ವೈದ್ಯರು ಅವನ್ನು ಧಾರಾಳವಾಗಿ ಬರೆದರು. ತರ್ಕದಲ್ಲಿ ಎಲ್ಲೂ ಬಿರುಕಿರಲಿಲ್ಲ. ಆಮೇಲೆ ಕೆಲವರು ಬಡಿತವನ್ನು ಬಿಟ್ಟು ಸಾವನ್ನೇ ಎಣಿಸಲು ಹೊರಟರು. 1989ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಖಾಲಿ ಮಾತ್ರೆ ನುಂಗಿದ 725 ಜನರಲ್ಲಿ ಸತ್ತವರು 22; ಆ ಒಳ್ಳೆಯ ಮದ್ದು ನುಂಗಿದ 730 ಜನರಲ್ಲಿ ಸತ್ತವರು 56. ತಾಳ ಸರಿಹೋಗಿತ್ತು, ರೋಗಿಗಳು ಹೋಗಿದ್ದರು. ಇದು ಮನೆಮದ್ದಲ್ಲ, ದೊಡ್ಡ ಕಂಪನಿಗಳು ತಯಾರಿಸಿ ದೊಡ್ಡ ಆಸ್ಪತ್ರೆಗಳು ಕೊಟ್ಟದ್ದು ಎಂಬುದನ್ನು ಗಮನಿಸಿ. ಪಪ್ಪಾಯಿ ಎಲೆ ಹೀಗೆ ಕೊಲ್ಲುತ್ತದೆ ಎಂದು ನಾನು ಹೇಳುತ್ತಿಲ್ಲ, ಅದಕ್ಕೂ ಆಧಾರವಿಲ್ಲ. ಪರೀಕ್ಷೆಯ ಕಾಗದದ ಮೇಲಿನ ಅಂಕಿ ಒಂದು ದಿಕ್ಕಿಗೂ ರೋಗಿಯ ಪ್ರಾಣ ಇನ್ನೊಂದು ದಿಕ್ಕಿಗೂ ಹೋಗಬಲ್ಲವು ಎಂಬುದಷ್ಟೇ ಇಲ್ಲಿನ ವಿಚಾರ.

ಪ್ಲೇಟ್‌ಲೆಟ್ಟಿನ ವಿಷಯದಲ್ಲಿ ಇದನ್ನು ಪರೀಕ್ಷಿಸಲು ಇನ್ನೂ ನೇರವಾದ ದಾರಿಯಿದೆ. ಎಲೆಯ ಮೂಲಕ ಏರಿಸುವುದೇಕೆ, ಪ್ಲೇಟ್‌ಲೆಟ್ಟನ್ನೇ ರಕ್ತಕ್ಕೆ ಏರಿಸಿ ನೋಡಬಹುದಲ್ಲ? ಸಿಂಗಪುರ ಮತ್ತು ಮಲೇಷ್ಯಾದ ಆಸ್ಪತ್ರೆಗಳು ಅದನ್ನೇ ಮಾಡಿದವು. ಲೆಕ್ಕ 20,000 ಅಥವಾ ಅದಕ್ಕಿಂತ ಕೆಳಗಿಳಿದ, ಆದರೆ ರಕ್ತಸ್ರಾವ ಅಷ್ಟಾಗಿ ಇಲ್ಲದ ವಯಸ್ಕ ಡೆಂಗಿ ರೋಗಿಗಳಲ್ಲಿ ಒಂದು ಗುಂಪಿಗೆ ಮುನ್ನೆಚ್ಚರಿಕೆಯಾಗಿ ಪ್ಲೇಟ್‌ಲೆಟ್ ಕೊಟ್ಟು, ಇನ್ನೊಂದನ್ನು ಬರೀ ಕಾಯ್ದು ನೋಡಿದರು. 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದಂತೆ, ಪಡೆದವರಲ್ಲಿ ನೂರಕ್ಕೆ 21, ಪಡೆಯದವರಲ್ಲಿ ನೂರಕ್ಕೆ 26 ಮಂದಿಗೆ ರಕ್ತಸ್ರಾವ ಕಂಡಿತು. ಆಕಸ್ಮಿಕವಾಗಿಯೂ ಬರಬಹುದಾದ ವ್ಯತ್ಯಾಸ ಅದು. ತೊಂದರೆಗಳು ಮಾತ್ರ ಪಡೆದವರಲ್ಲೇ ಹೆಚ್ಚು. ಬಾಟಲಿಯಿಂದ ನೇರವಾಗಿ ಇಳಿಸಿದ ಪ್ಲೇಟ್‌ಲೆಟ್ಟೇ ಇಷ್ಟು ಮಾಡಿದರೆ, ಲೆಕ್ಕವನ್ನು ಸ್ವಲ್ಪ ಮುಂಚೆ ಏರಿಸುವ ರಸದಿಂದ ನಾವು ಏನನ್ನು ನಿರೀಕ್ಷಿಸಬೇಕು? ಇಲ್ಲಿ ಒಂದು ಆಕ್ಷೇಪಣೆಗೆ ಜಾಗವಿದೆ, ಅದು ಸರಿಯಾದ ಆಕ್ಷೇಪಣೆಯೇ. ಪ್ಲೇಟ್‌ಲೆಟ್ ಹುಚ್ಚು ಹಿಡಿಸಿದ್ದು ಜನರೇ, ವೈದ್ಯರೇ? ದಿನಕ್ಕೆರಡು ಬಾರಿ ರಕ್ತ ತೆಗೆದು ಅದೊಂದೇ ಅಂಕಿಯನ್ನು ಮನೆಯವರಿಗೆ ಓದಿ ಹೇಳಿ, ‘ಇಪ್ಪತ್ತೈದಕ್ಕೆ ಬಂದಿದೆ, ಬ್ಲಡ್ ಬ್ಯಾಂಕಿಗೆ ಓಡಿ’ ಎಂದು ಅಟ್ಟಿದ ಆಸ್ಪತ್ರೆಗಳು ಕಡಿಮೆಯಿಲ್ಲ. ಆ ಅಂಕಿಯೇ ಕಾಯಿಲೆ ಎಂದು ಜನ ಕಲಿತದ್ದು ಅಲ್ಲಿಂದ. ಅಂಕಿಯೇ ಕಾಯಿಲೆಯಾದ ಮೇಲೆ ಅಂಕಿಯನ್ನು ಏರಿಸುವ ಎಲೆ ಮದ್ದಾಗದೆ ಇನ್ನೇನಾಗುತ್ತದೆ?

ರಸ ಕುಡಿದವರು ಆಸ್ಪತ್ರೆಯಿಂದ ಬೇಗ ಮನೆಗೆ ಹೋದರು ಎಂದು ಹೇಳುವ ಅಧ್ಯಯನಗಳೂ ಇವೆ. ಇದು ಬರೀ ಅಂಕಿಯಲ್ಲವಲ್ಲ, ರೋಗಿಗೆ ನಿಜವಾಗಿ ಬೇಕಾದದ್ದೇ ಅಲ್ಲವೇ? ಮೊದಲ ನೋಟಕ್ಕೆ ಹೌದು. ಆದರೆ ಡೆಂಗಿ ರೋಗಿಯನ್ನು ಮನೆಗೆ ಕಳಿಸಲು ವೈದ್ಯರು ನೋಡುವ ಗುರುತುಗಳಲ್ಲಿ ಪ್ಲೇಟ್‌ಲೆಟ್ ಏರುಮುಖವಾಗಿರುವುದೂ ಒಂದು. ನಮ್ಮಲ್ಲಿ 50,000 ದಾಟಲಿ ಎಂದು ಕಾಯುವುದು ರೂಢಿ. ಅಂಕಿ ಏರಿಸುವ ಮದ್ದು ಕೊಟ್ಟು, ಅಂಕಿ ನೋಡಿ ಬಿಡುಗಡೆ ಮಾಡಿ, ಬಿಡುಗಡೆ ಬೇಗ ಆಯಿತು, ಆದ್ದರಿಂದ ಮದ್ದು ಕೆಲಸ ಮಾಡಿತು ಎಂದರೆ ಅದೇ ಅಂಕಿಯನ್ನು ಎರಡು ಸಲ ಎಣಿಸಿದಂತಾಯಿತು. ಎಲೆಯ ಸಾರ ಒಂದು ಜೀನಿನ ಚಟುವಟಿಕೆಯನ್ನು ಹೆಚ್ಚಿಸುತ್ತದೆ ಎಂಬ ಇನ್ನೊಂದು ವಾದವನ್ನು ಇಲ್ಲಿ ಬಿಡಿಸುವುದಿಲ್ಲ. ಹೇಗೆ ಕೆಲಸ ಮಾಡಬಹುದು ಎಂಬುದು ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಉತ್ತರವಲ್ಲ.

‘ಎಲೆ ತಾನೆ, ಕುಡಿದರೆ ನಷ್ಟವೇನು?’ ಎಂಬ ಮಾತು ಎಲ್ಲಕ್ಕಿಂತ ಹೆಚ್ಚು ಕೇಳಿಬರುವಂಥದು. ಆಸ್ಪತ್ರೆಯ ಕಣ್ಗಾವಲಿನಲ್ಲಿ, ವೈದ್ಯರಿಗೆ ಹೇಳಿ, ನೀರಿನಂಶ ಸರಿಯಾಗಿ ಹೋಗುತ್ತಿರುವಾಗ ಇದನ್ನೂ ಕುಡಿದರೆ ದೊಡ್ಡ ನಷ್ಟವಿರಲಿಕ್ಕಿಲ್ಲ. ಆದರೆ ಸಂದೇಶ ಹೇಳುವುದು ಅದನ್ನಲ್ಲ, ಆಸ್ಪತ್ರೆಯ ಬದಲು ಎಂದು. ಪಪ್ಪಾಯಿ ಎಲೆಯ ರಸ ಬಲು ಕಹಿ. ಜ್ವರದಲ್ಲಿ ಬಳಲಿದ ಮಗುವಿಗೆ ಅದನ್ನು ಕುಡಿಸಿದರೆ ವಾಂತಿಯಾಗುವುದು ಅಪರೂಪವಲ್ಲ. ಡೆಂಗಿಯಲ್ಲಿ ಬಿಟ್ಟೂಬಿಡದ ವಾಂತಿ ಒಂದು ಅಪಾಯದ ಸೂಚನೆ. ವಾಂತಿ ರಸದಿಂದಲೋ ಕಾಯಿಲೆ ಬಿಗಡಾಯಿಸಿಯೋ ಎಂದು ಗುರುತಿಸುವುದು ಆಗ ಕಷ್ಟ, ಮೇಲಾಗಿ ಹೊಟ್ಟೆಯಲ್ಲಿ ನಿಲ್ಲಬೇಕಾದ ಎಳನೀರು, ಓಆರ್‌ಎಸ್ ಕೂಡ ಹೊರಗೆ ಬರುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಸಮಯದ್ದು. ಜ್ವರ ಬಿಟ್ಟ ದಿನ ಮನೆಯವರು ನಿಟ್ಟುಸಿರು ಬಿಡುತ್ತಾರೆ, ರಸ ಹಿಡಿಸಿತು ಎನ್ನುತ್ತಾರೆ. ಆದರೆ ಆಗಲೇ ಹೇಳಿದ ಸೋರಿಕೆ ಶುರುವಾಗುವುದು ಆ ದಿನದ ಸುಮಾರಿಗೇ. ಮುಂದಿನ 24ರಿಂದ 48 ಗಂಟೆಗಳು ಇಡೀ ಕಾಯಿಲೆಯಲ್ಲಿ ಅತಿ ಸೂಕ್ಷ್ಮವಾದವು. ಪ್ಲೇಟ್‌ಲೆಟ್ ಒಂದರ ಮೇಲೇ ಕಣ್ಣಿಟ್ಟವರಿಗೆ ಅದೇ ರಿಪೋರ್ಟಿನಲ್ಲಿ ಪಿಸಿವಿ ಅಥವಾ ಹಿಮಟೋಕ್ರಿಟ್ ಎಂಬ ಸಾಲು ಏರುತ್ತಿರುವುದು ಕಾಣುವುದಿಲ್ಲ. ರಕ್ತ ಗಟ್ಟಿಯಾಗುತ್ತಿದೆ ಎಂದು ಹೇಳುವ ಅಂಕಿ ಅದು, ಡ್ರಿಪ್ ಎಷ್ಟು ಹಾಕಬೇಕೆಂದು ವೈದ್ಯರು ಲೆಕ್ಕ ಹಾಕುವಾಗ ಅವರಿಗೆ ಮುಖ್ಯವಾದದ್ದೂ ಅದೇ. ಅದರ ಬಗ್ಗೆ ಯಾರೂ ಸಂದೇಶ ಕಳಿಸುವುದಿಲ್ಲ, ಏಕೆಂದರೆ ಅದನ್ನು ಇಳಿಸುವ ಎಲೆ ಯಾವುದೂ ಇಲ್ಲ.

ಹಿರಿಯರ ಮದ್ದನ್ನು ಹೀಗೆ ಅನುಮಾನಿಸಬಹುದೇ ಎನ್ನುವವರಿಗೆ ಎರಡು ಮಾತು. ಪಪ್ಪಾಯಿ ಗಿಡ ಮಧ್ಯ ಅಮೆರಿಕದ ಕಡೆಯದು. ಏಷ್ಯಾಕ್ಕೆ ಬಂದದ್ದು 16ನೇ ಶತಮಾನದಲ್ಲಿ, ಯುರೋಪಿನವರ ಹಡಗುಗಳಲ್ಲಿ. ಪ್ಲೇಟ್‌ಲೆಟ್ಟನ್ನು ಇಟಲಿಯ ಬಿಜ್ಜೊಜೆರೊ ಸೂಕ್ಷ್ಮದರ್ಶಕದಲ್ಲಿ ಗುರುತಿಸಿ ವಿವರಿಸಿದ್ದು 1882ರಲ್ಲಿ. ಹೀಗಿರುವಾಗ ‘ಪ್ಲೇಟ್‌ಲೆಟ್ ಏರಿಸುವ ಪಪ್ಪಾಯಿ ಎಲೆ’ ಎಷ್ಟು ಪ್ರಾಚೀನವಾಗಿರಲು ಸಾಧ್ಯ? ಇನ್ನು, ಹಳೆಯ ತಿಳಿವಳಿಕೆಯಿಂದ ನಿಜವಾದ ಮದ್ದು ಬಂದದ್ದಕ್ಕೆ ಉದಾಹರಣೆ ಬೇಕಿದ್ದರೆ ಚೀನಾದ ತು ಯೂಯೂ ಇದ್ದಾರೆ. ನಾಲ್ಕನೇ ಶತಮಾನದ ಒಂದು ವೈದ್ಯಗ್ರಂಥದ ಸೂಚನೆಯಿಂದ ಹೊರಟು, ಒಂದು ಗಿಡದ ಸಾರದಿಂದ ಮಲೇರಿಯಾಕ್ಕೆ ಆರ್ಟಿಮಿಸಿನಿನ್ ತೆಗೆದ ಕೆಲಸಕ್ಕೆ 2015ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಕತೆ ಗ್ರಂಥದಲ್ಲಿ ಮುಗಿಯಲಿಲ್ಲ. ಇಲಿ, ಕೋತಿ, ಮನುಷ್ಯ ಹೀಗೆ ಪರೀಕ್ಷೆಗಳು ಸಾಗಿ, 2005ರಲ್ಲಿ ಭಾರತವೂ ಸೇರಿದಂತೆ ಏಷ್ಯಾದ ನಾಲ್ಕು ದೇಶಗಳ 1,461 ತೀವ್ರ ಮಲೇರಿಯಾ ರೋಗಿಗಳ ಅಧ್ಯಯನ ಹೊರಬಂತು. ಹಳೆಯ ಕ್ವಿನೈನ್ ಪಡೆದವರಲ್ಲಿ ನೂರಕ್ಕೆ 22 ಮಂದಿ ಸತ್ತರೆ, ಈ ಗಿಡದ ಕುಲದ ಆರ್ಟಿಸುನೇಟ್ ಪಡೆದವರಲ್ಲಿ ಸತ್ತವರು ನೂರಕ್ಕೆ 15. ಅಲ್ಲಿ ಎಣಿಸಿದ್ದು ಸಾವನ್ನು. ಪಪ್ಪಾಯಿ ಎಲೆಗೂ ಅದೇ ಗೌರವ ಸಲ್ಲಲಿ ಎನ್ನುವುದು ಹೇಗೆ ಅವಮಾನವಾಗುತ್ತದೆ?

ಔಷಧ ಕಂಪನಿಗಳ ಮದ್ದಿಗೆ ಒಂದು ನ್ಯಾಯ, ಬಡವರ ಎಲೆಗೆ ಒಂದು ನ್ಯಾಯ ಎನ್ನುವ ದೂರೂ ಇದೆ. ಡೆಂಗಿಯ ಮಟ್ಟಿಗೆ ಅದು ನಿಲ್ಲುವುದಿಲ್ಲ. ವಿಯೆಟ್ನಾಮಿನಲ್ಲಿ 225 ರೋಗಿಗಳ ಮೇಲೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡನ್ನು, 300 ರೋಗಿಗಳ ಮೇಲೆ ಕೊಲೆಸ್ಟರಾಲ್ ಇಳಿಸುವ ಲೊವಾಸ್ಟಾಟಿನನ್ನು ಪರೀಕ್ಷಿಸಿದರು. ಸಿಂಗಪುರದಲ್ಲಿ ಸೆಲ್ಗೊಸಿವಿರ್ ಎಂಬ ವೈರಸ್ ವಿರೋಧಿ ಮದ್ದನ್ನು 50 ರೋಗಿಗಳ ಅಧ್ಯಯನದಲ್ಲಿ ಪರೀಕ್ಷಿಸಿ ನೋಡಿದರು. ಒಂದೂ ಪ್ರಯೋಜನ ತೋರಲಿಲ್ಲ, ಯಾವುದೂ ಡೆಂಗಿಯ ಚಿಕಿತ್ಸೆಯಾಗಲಿಲ್ಲ. ಡೆಂಗಿ ವೈರಸ್ಸನ್ನೇ ಹೊಡೆಯುವ ಮದ್ದು ನಮ್ಮ ಆಸ್ಪತ್ರೆಗಳ ಕೈಯಲ್ಲಿ ಇಂದಿಗೂ ಇಲ್ಲ. ಎಲೆಯನ್ನು ಪರೀಕ್ಷಿಸುವುದು ದುಬಾರಿ ಎಂಬ ಮಾತಿನಲ್ಲಿ ಮಾತ್ರ ಸತ್ಯವಿದೆ. ನೂರಕ್ಕೆ ಒಂದಿರುವ ಸಾವನ್ನು ಒಂದು ಮದ್ದು ಅರ್ಧಕ್ಕೆ ಇಳಿಸುತ್ತದೆ ಎಂದು ಭರವಸೆಯಿಂದ ಹೇಳಬೇಕಾದರೆ, ಸಂಖ್ಯಾಶಾಸ್ತ್ರದ ಸಾಮಾನ್ಯ ಲೆಕ್ಕದ ಪ್ರಕಾರ, ಒಂದೊಂದು ಗುಂಪಿನಲ್ಲೂ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ರೋಗಿಗಳು ಬೇಕು. 228 ಅಥವಾ 300 ರೋಗಿಗಳಲ್ಲಿ ಅದು ಕಾಣುವಂಥದಲ್ಲ. ಆ ಸಂಶೋಧಕರು ಪ್ಲೇಟ್‌ಲೆಟ್ ಎಣಿಸಿದ್ದಕ್ಕೆ ಇದೂ ಒಂದು ಕಾರಣವಿರಬೇಕು. ಆಘಾತವನ್ನೋ ಪ್ಲಾಸ್ಮಾ ಸೋರಿಕೆಯನ್ನೋ ಅಳೆದರೆ ಇಷ್ಟು ಜನ ಬೇಡ. ಮಳೆಗಾಲದಲ್ಲಿ ನಮ್ಮ ಜಿಲ್ಲಾಸ್ಪತ್ರೆಗಳು, ವೈದ್ಯಕೀಯ ಕಾಲೇಜುಗಳು ಒಟ್ಟಾಗಿ ನಡೆಸಬಹುದಾದ ಕೆಲಸವದು, ಎಲೆಗೇನೂ ಬರವಿಲ್ಲ.

ಅಲ್ಲಿಯವರೆಗೆ, ಈ ಮಳೆಗಾಲದಲ್ಲಿ ಮನೆಯಲ್ಲಿ ಯಾರಿಗಾದರೂ ಡೆಂಗಿ ಎಂದು ಗೊತ್ತಾದರೆ ಹೀಗೆ ಮಾಡಬಹುದು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೇನ್ ಬೇಡ, ಅವು ರಕ್ತಸ್ರಾವ ಹೆಚ್ಚಿಸುತ್ತವೆ. ಗಂಜಿ ತಿಳಿ, ಎಳನೀರು, ಮಜ್ಜಿಗೆ, ಓಆರ್‌ಎಸ್, ಯಾವುದು ಹೊಟ್ಟೆಯಲ್ಲಿ ನಿಲ್ಲುತ್ತದೋ ಅದನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತಿರಿ, ಮೂತ್ರ ಹೋಗುತ್ತಿದೆಯೇ ನೋಡಿಕೊಳ್ಳಿ. ಜ್ವರ ಬಿಟ್ಟ ಮೇಲೆ ಎರಡು ದಿನ ಇನ್ನೂ ಹೆಚ್ಚು ಗಮನ ಬೇಕು. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ಕಪ್ಪು ಮಲ, ಕೈಕಾಲು ತಣ್ಣಗಾಗುವುದು, ಮಂಪರು ಅಥವಾ ಚಡಪಡಿಕೆ, ಇವುಗಳಲ್ಲಿ ಒಂದು ಕಂಡರೂ ಪ್ಲೇಟ್‌ಲೆಟ್ ಎಷ್ಟೇ ಇರಲಿ, ಏರುತ್ತಿರಲಿ ಇಳಿಯುತ್ತಿರಲಿ, ಹೊತ್ತು ನೋಡದೆ ಆಸ್ಪತ್ರೆಗೆ ಹೊರಡಿ. ಬಸುರಿಯರು, ಎಳೆಯ ಮಕ್ಕಳು, ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಇಷ್ಟಕ್ಕೆಲ್ಲ ಕಾಯದೆ ಮೊದಲೇ ವೈದ್ಯರ ಕಣ್ಣಿಗೆ ಬೀಳುವುದು ಒಳ್ಳೆಯದು.